65 ಸೆಂ.ಮೀ. ರೇಸಿಂಗ್ ಹಾಯಿದೋಣಿ ನಾನೇ ಕಟ್ಟಬೇಕು: ಅಗಲ, ಬಲ್ಬ್, ಸರ್ವೊ ಲೆಕ್ಕ ನೋಡಿ ಹೇಳಿ

ಹೊಸ_ಹಾಯಿಗಾರ, ಮಲ್ಲೇಶ್ವರಂ

ಎಲ್ಲರಿಗೂ ನಮಸ್ಕಾರ. ಆರ್‌ಜಿ65 ಕ್ಲಾಸಿನ ರೇಡಿಯೊ ಕಂಟ್ರೋಲ್ ಹಾಯಿದೋಣಿಯೊಂದನ್ನು ಕಿಟ್ ತರಿಸದೆ, ಗೆರೆ ಎಳೆಯುವುದರಿಂದ ಹಿಡಿದು ಎಲ್ಲವನ್ನೂ ನಾನೇ ಮಾಡಬೇಕು ಅಂತಿದ್ದೇನೆ. ನಿಯಮ ಓದಿದ್ದೇನೆ. ಉದ್ದ 65 ಸೆಂ.ಮೀ., ಡೆಕ್ಕಿನ (ಒಡಲಿನ ಮೇಲ್ಮುಚ್ಚಳ) ಮೇಲೆ ಮಾಸ್ಟ್ (ಹಾಯಿ ಕಟ್ಟುವ ಕಂಬ) 110 ಸೆಂ.ಮೀ. ದಾಟಬಾರದು, ಹಾಯಿಗಳ ಒಟ್ಟು ವಿಸ್ತೀರ್ಣ 2250 ಚದರ ಸೆಂ.ಮೀ. ಒಳಗಿರಬೇಕು, ಚುಕ್ಕಾಣಿಗೊಂದು ಹಾಯಿಗೊಂದು ಎಂದು ಎರಡೇ ಚಾನೆಲ್. ತೂಕ, ಅಗಲ, ಆಳ ಇವು ಕಟ್ಟುವವರ ಇಷ್ಟ. ಗೊಂದಲ ಇರುವುದು ಈ ಮೂರರಲ್ಲೇ.

ಈಗ ಹಾಕಿಕೊಂಡಿರುವ ಅಳತೆ ಇದು: ಅಗಲ 14 ಸೆಂ.ಮೀ., ಫಿನ್ (ಒಡಲಿನಡಿ ನೀರಿಗಿಳಿಯುವ ರೆಕ್ಕೆ) ಆಳ 25 ಸೆಂ.ಮೀ., ಅದರ ತುದಿಯ ಸೀಸದ ಬಲ್ಬ್ (ಭಾರದ ಗುಂಡು) 300 ಗ್ರಾಂ, ಒಟ್ಟು ತೂಕ 900 ಗ್ರಾಂ ಆಸುಪಾಸು. ಒಡಲು ಪಿಎಲ್‌ಎ ಪ್ಲಾಸ್ಟಿಕ್ಕಿನ ತ್ರೀಡಿ ಪ್ರಿಂಟ್, ಗೋಡೆ 1.2 ಮಿ.ಮೀ. ಹಾಯಿಗೆ ಛತ್ರಿ ಬಟ್ಟೆ. ಚುಕ್ಕಾಣಿ, ಹಾಯಿ ಎರಡೂ ಕೆಲಸಕ್ಕೆ 9 ಗ್ರಾಂನ ಚಿಕ್ಕ ಸರ್ವೊ (ತೋಳು ತಿರುಗಿಸುವ ಮೋಟರ್). ಅಗಲ ಜಾಸ್ತಿ ಇದ್ದರೆ ದೋಣಿ ಅಷ್ಟಾಗಿ ವಾಲುವುದಿಲ್ಲ, ಆಗ ಬಲ್ಬ್ ಹಗುರವಾಗಿದ್ದರೂ ನಡೆಯುತ್ತದೆ ಎಂಬುದು ನನ್ನ ಅಂದಾಜು. ಎಲ್ಲಿ ತಪ್ಪಿದ್ದೇನೆ ಹೇಳಿ.

ರೇಖಾಗಣಿತ, ಬಸವನಗುಡಿ

ಸರ್, ಅಗಲದಿಂದ ಶುರು ಮಾಡಿದ್ದೀರಿ, ಅಲ್ಲೇ ಲೆಕ್ಕ ತಿರುಗುಮುರುಗಾಗಿದೆ. ಮೊದಲು ತೂಕದ ಪಟ್ಟಿ ಬರೆಯಿರಿ. ದೋಣಿ ಎಷ್ಟು ತೂಗುತ್ತದೋ ಅಷ್ಟೇ ತೂಕದ ನೀರನ್ನು ಸರಿಸುತ್ತದೆ. ಆ ನೀರಿನ ಗಾತ್ರ ಗೊತ್ತಾದರೆ ಒಡಲಿನ ಅಳತೆ ತಾನಾಗಿ ಬರುತ್ತದೆ.

ಈ ಅಳತೆಯ ದೋಣಿಗೆ ನಾನು ಹಾಕುವ ಪಟ್ಟಿ ಹೀಗಿದೆ. ಬಲ್ಬ್ 500 ಗ್ರಾಂ, ಫಿನ್ 60, ಡೆಕ್, ಫಿನ್ ಬಾಕ್ಸ್ (ಫಿನ್ ಕೂರುವ ಗೂಡು), ಬಣ್ಣ ಎಲ್ಲ ಸೇರಿದ ಒಡಲು 180, ಚುಕ್ಕಾಣಿ ಮತ್ತು ಅದರ ಕಡ್ಡಿ 15, ಹಾಯಿ ಸರ್ವೊ 55, ಚುಕ್ಕಾಣಿ ಸರ್ವೊ 14, ರಿಸೀವರ್ 10, ಬ್ಯಾಟರಿ 50, ಮಾಸ್ಟ್-ಬೂಮ್ (ಹಾಯಿಯ ಕೆಳಗಿನ ಅಡ್ಡಕೋಲು)-ಹಾಯಿ 80, ದಾರ, ಕೊಕ್ಕೆ, ಸ್ಕ್ರೂ 25. ಕೂಡಿದರೆ 989. ಅಂಟು ಜಾಸ್ತಿ ಬಿದ್ದೇ ಬೀಳುತ್ತದೆ, ಒಳಗೆ ಸ್ವಲ್ಪ ನೀರೂ ಸೇರುತ್ತದೆ, ಆದ್ದರಿಂದ 1050 ಎಂದೇ ಹಿಡಿಯಿರಿ.

ಕೆರೆಯ ಸಿಹಿನೀರಿನಲ್ಲಿ 1050 ಗ್ರಾಂ ಅಂದರೆ 1050 ಸಿಸಿ. ಅದರಲ್ಲಿ ಬಲ್ಬ್ 44 ಸಿಸಿ, ಫಿನ್ ಮತ್ತು ಚುಕ್ಕಾಣಿ ಸೇರಿ 75ರ ಹತ್ತಿರ. ಅವನ್ನು ಕಳೆದರೆ ಒಡಲಿಗೆ ಉಳಿಯುವುದು 930 ಸಿಸಿ. ಇದನ್ನು ನೀರುಗೆರೆಯ ಉದ್ದ 64 ಸೆಂ.ಮೀ. ಮತ್ತು ಪ್ರಿಸ್ಮ್ಯಾಟಿಕ್ ಕೋಎಫಿಶಿಯಂಟ್ (ಒಡಲು ತುದಿಗಳತ್ತ ಎಷ್ಟು ಸಣ್ಣಗಾಗುತ್ತದೆ ಎಂದು ಹೇಳುವ ಅಂಕಿ) 0.55, ಈ ಎರಡರ ಗುಣಲಬ್ಧದಿಂದ ಭಾಗಿಸಿ. ನಡುಭಾಗದ ಅಡ್ಡಸೀಳು 26.4 ಚದರ ಸೆಂ.ಮೀ. ಬರುತ್ತದೆ. ನೀರಿನೊಳಗಿನ ಭಾಗ ಅರ್ಧವೃತ್ತ ಅಂದುಕೊಂಡರೆ ತ್ರಿಜ್ಯ 4.1 ಸೆಂ.ಮೀ., ಅಂದರೆ ನೀರುಗೆರೆಯಲ್ಲಿ ಅಗಲ 8.2 ಸೆಂ.ಮೀ. ಸಾಕು. ಡೆಕ್ಕಿನ ಹತ್ತಿರ 10ರಿಂದ 11ಕ್ಕೆ ಅಗಲಿಸಿ. 14 ಬೇಡ.

ಅಗಲದ ಮೇಲೆ ಯಾಕೆ ಇಷ್ಟು ಕಟ್ಟುನಿಟ್ಟು ಅಂದರೆ, ಒಂದೇ ಅಡ್ಡಸೀಳಿಗೆ ನೀರು ತಾಗುವ ಮೈ ಅತಿ ಕಡಿಮೆ ಇರುವುದು ಅರ್ಧವೃತ್ತದಲ್ಲಿ. ಈ ಉದ್ದದ ದೋಣಿ ತನ್ನದೇ ಅಲೆಯಲ್ಲಿ ಸಿಕ್ಕಿಕೊಳ್ಳುವ ವೇಗ ಸೆಕೆಂಡಿಗೆ ಸುಮಾರು 1 ಮೀಟರ್. ನಮ್ಮೂರಿನ ಬೆಳಗಿನ ಮಂದ ಗಾಳಿಯಲ್ಲಿ ಆ ವೇಗ ಮುಟ್ಟುವುದೇ ಇಲ್ಲ, ಅಲ್ಲಿಯವರೆಗೂ ನಿಮ್ಮನ್ನು ಹಿಡಿದೆಳೆಯುವುದು ಮೈಯ ಘರ್ಷಣೆ. ಇನ್ನೊಂದು ತೊಂದರೆ ಗಾಳಿ ಜೋರಾದಾಗ ಬರುತ್ತದೆ. ಅಗಲ ಹಿಂಬದಿಯ ದೋಣಿ ವಾಲಿದಾಗ ಹಿಂಭಾಗ ಮೇಲೆದ್ದು ಮೂತಿ ನೀರಿಗೆ ಇಳಿಯುತ್ತದೆ, ಚುಕ್ಕಾಣಿ ಅರ್ಧ ಹೊರಗೆ ಬರುತ್ತದೆ, ದೋಣಿ ಹೇಳಿದ ಮಾತು ಕೇಳದೆ ಗಾಳಿಯತ್ತ ತಿರುಗಿ ನಿಲ್ಲುತ್ತದೆ.

ವಾಲುವುದನ್ನು ತಡೆಯುವುದು ಬಲ್ಬಿನ ಕೆಲಸ. ನಿಮ್ಮ 300 ಗ್ರಾಂ ಅನ್ನು 25 ಸೆಂ.ಮೀ.ಗೆ ಗುಣಿಸಿದರೆ 7500. 500 ಗ್ರಾಂ ನೀರುಗೆರೆಯಿಂದ 36 ಸೆಂ.ಮೀ. ಕೆಳಗಿದ್ದರೆ 18000. ಎರಡು ಪಟ್ಟಿಗಿಂತ ಹೆಚ್ಚು. 30 ಡಿಗ್ರಿ ವಾಲಿದಾಗ ಈ ಬಲ್ಬ್ ಕೊಡುವ ಎತ್ತುಬಲ ಸುಮಾರು 0.88 ನ್ಯೂಟನ್ ಮೀಟರ್. ಹಾಯಿಯ ಕೇಂದ್ರ ನೀರಿನಿಂದ 45 ಸೆಂ.ಮೀ. ಮೇಲೆ, ಫಿನ್ನಿನ ಕೇಂದ್ರ 17 ಸೆಂ.ಮೀ. ಕೆಳಗೆ, ಒಟ್ಟು ಸನ್ನೆ 62 ಸೆಂ.ಮೀ. ಹಾಗಾಗಿ ಹಾಯಿಯ ಮೇಲೆ 1.4 ನ್ಯೂಟನ್ ಬಿದ್ದಾಗ 30 ಡಿಗ್ರಿ. ಪೂರ್ತಿ 2250 ಚದರ ಸೆಂ.ಮೀ. ಹಾಯಿಗೆ ಅದು ಗಂಟೆಗೆ ಸುಮಾರು 12 ಕಿ.ಮೀ. ಗಾಳಿ. ನಿಮ್ಮ ಬಲ್ಬಿನಲ್ಲಿ 8 ಕಿ.ಮೀ.ಗೇ ಆ ಸ್ಥಿತಿ ಬರುತ್ತದೆ, ಒಡಲಿನ ಅಗಲ ಕೊಡುವ ಬೆಂಬಲ ಅದನ್ನು ಸ್ವಲ್ಪ ಮುಂದೂಡಬಹುದು ಅಷ್ಟೇ.

ಇಲ್ಲಿ ಲೆಕ್ಕ ಹಾಕುವಾಗ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.06 ಕೆ.ಜಿ. ಇಟ್ಟಿದ್ದೇನೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಮಂಗಳೂರಿನ ದಡದಲ್ಲಿ ಅದೇ ವೇಗದ ಗಾಳಿ ಶೇ 8-9ರಷ್ಟು ಹೆಚ್ಚು ಬಲ ಕೊಡುತ್ತದೆ. ಬೇರೆ ಊರಿನವರ ಹಾಯಿ ಬದಲಾಯಿಸುವ ಕೋಷ್ಟಕ ನೋಡುವಾಗ ಇದು ನೆನಪಿರಲಿ.

ಬಾಲ್ಸಾ_ಪೀಣ್ಯ

ಮೇಲಿನವರ ತೂಕದ ಪಟ್ಟಿಗೆ ನನ್ನ ಪೂರ್ತಿ ಒಪ್ಪಿಗೆ. ಕಟ್ಟುವ ಬಗ್ಗೆ ನಾಲ್ಕು ಮಾತು.

1.2 ಮಿ.ಮೀ. ಗೋಡೆಯ ಪಿಎಲ್‌ಎ ಒಡಲು ಡೆಕ್ ಸೇರಿ ಹತ್ತಿರ ಹತ್ತಿರ 240 ಗ್ರಾಂ ತೂಗುತ್ತದೆ, ಅದೂ ಜೋಡಿಸುವ ಅಂಟು ಬಿಟ್ಟು. 2 ಮಿ.ಮೀ. ಬಾಲ್ಸಾ ಪಟ್ಟಿ ಹಾಕಿ ಮೇಲೆ-ಒಳಗೆ ಗ್ಲಾಸ್ ಬಟ್ಟೆ ಹೊದಿಸಿದರೆ ಬರೀ ಒಡಲು 80-90 ಗ್ರಾಂ, ಡೆಕ್ 30, ಫಿನ್ ಬಾಕ್ಸ್ ಮತ್ತು ಮಾಸ್ಟ್ ಕೂರುವ ಜಾಗ 25, ಬಣ್ಣ 25. ಉಳಿದ ಗ್ರಾಂ ಎಲ್ಲ ಬಲ್ಬಿಗೆ ಹೋಗಲಿ, ಅದು ಅಲ್ಲಿಯೇ ಇರಬೇಕಾದದ್ದು.

ಸಮತಟ್ಟಾದ 19 ಮಿ.ಮೀ. ಪ್ಲೈವುಡ್ ಹಲಗೆ ತೆಗೆದುಕೊಂಡು ನಡುಗೆರೆ ಎಳೆಯಿರಿ. 60 ಮಿ.ಮೀ.ಗೆ ಒಂದರಂತೆ ಅಡ್ಡಚೌಕಟ್ಟುಗಳನ್ನು ತಲೆಕೆಳಗಾಗಿ ನಿಲ್ಲಿಸಿ. ಚೌಕಟ್ಟು ಕತ್ತರಿಸುವಾಗ ನಕ್ಷೆಯ ಗೆರೆಯಿಂದ 2 ಮಿ.ಮೀ. ಒಳಗೆ ಬನ್ನಿ, ಅದು ಪಟ್ಟಿಯ ದಪ್ಪ. ಇದನ್ನು ಮರೆತರೆ ಒಡಲು 4 ಮಿ.ಮೀ. ಅಗಲವಾಗಿ, ಹಾಕಿದ ತೂಕಕ್ಕೆ ಸರಿಯಾಗಿ ಕೂರುವುದಿಲ್ಲ. ಚೌಕಟ್ಟಿನ ಅಂಚಿಗೆ ಸೆಲ್ಲೊ ಟೇಪ್ ಸುತ್ತಿ, ಇಲ್ಲವಾದರೆ ಒಡಲು ಬಿಡಿಸುವಾಗ ಚೌಕಟ್ಟೂ ಜೊತೆಗೇ ಬರುತ್ತದೆ. 8 ಮಿ.ಮೀ. ಅಗಲದ ಪಟ್ಟಿಗಳನ್ನು ಡೆಕ್ಕಿನ ಅಂಚಿನಿಂದ ಶುರುಮಾಡಿ ಎಡಕ್ಕೊಂದು, ಬಲಕ್ಕೊಂದು ಹಾಕುತ್ತಾ ಬನ್ನಿ. ಒಂದೇ ಬದಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದರೆ ಒಡಲು ತಿರುಚಿಕೊಳ್ಳುತ್ತದೆ. ಆ ತಿರುಚು ಆಮೇಲೆ ಯಾವ ಉಜ್ಜುಕಾಗದಕ್ಕೂ ಬಗ್ಗುವುದಿಲ್ಲ.

ಉಜ್ಜುವಾಗ ಇಡೀ ಒಡಲಿಗೆ ಪೆನ್ಸಿಲಿನಿಂದ ಗೀಚಿ. ಉದ್ದನೆಯ ಮರದ ತುಂಡಿಗೆ 120ರ ಕಾಗದ ಸುತ್ತಿ, ಒಡಲಿನ ಉದ್ದಕ್ಕೆ ಓರೆಯಾಗಿ ತಳ್ಳಿ. ಪೆನ್ಸಿಲ್ ಗುರುತು ಅಳಿದ ಕಡೆ ಉಬ್ಬು, ಉಳಿದ ಕಡೆ ತಗ್ಗು. ತಗ್ಗಿಗೆ ಹಗುರ ಫಿಲ್ಲರ್ ಹಚ್ಚಿ, ಮತ್ತೆ ಗೀಚಿ, ಮತ್ತೆ ಉಜ್ಜಿ. ಬೆರಳ ತುದಿ ಆಡಿಸಿ ನೋಡಿದರೆ ಕಣ್ಣಿಗೆ ಕಾಣದ ಏಣು ಕೂಡ ಗೊತ್ತಾಗುತ್ತದೆ. ಕೊನೆಗೆ 220.

ಹೊದಿಕೆಗೆ 50 ಜಿಎಸ್‌ಎಂ (ಚದರ ಮೀಟರಿಗೆ 50 ಗ್ರಾಂ) ಗ್ಲಾಸ್ ಬಟ್ಟೆ, ಹೊರಗೆ ಎರಡು ಪದರ, ಒಳಗೆ ಒಂದು. ಎಪಾಕ್ಸಿಗೆ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಬಳಸುವ ಎಲ್‌ವೈ556 ರೆಸಿನ್, ಎಚ್‌ವೈ951 ಹಾರ್ಡನರ್ ಸಾಕು. ತೂಕದಲ್ಲಿ 100ಕ್ಕೆ 10. ಹನಿ ಎಣಿಸಿ ಹಾಕಬೇಡಿ. 30 ಗ್ರಾಂ ರೆಸಿನ್‌ಗೆ 3 ಗ್ರಾಂ ಬೇಕಾದಾಗ 1 ಗ್ರಾಂ ತಪ್ಪಿದರೂ ಮೂರನೇ ಒಂದು ಭಾಗ ತಪ್ಪಿದಂತೆ, ಮೈ ಅಂಟಂಟಾಗಿಯೇ ಉಳಿಯುತ್ತದೆ. 0.1 ಗ್ರಾಂ ತೋರಿಸುವ ತಕ್ಕಡಿ ಇಟ್ಟುಕೊಳ್ಳಿ. ಬಟ್ಟೆಯನ್ನು ಒಣಗಿದ ಒಡಲಿನ ಮೇಲೆ ಹರಡಿ, ರೆಸಿನ್ ಸುರಿದು, ಹಳೇ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿಗೆ ಎಳೆಯಿರಿ. ಹೊಳಪು ಉಳಿದಿದೆ ಅಂದರೆ ರೆಸಿನ್ ಜಾಸ್ತಿಯಾಗಿದೆ. ಬಟ್ಟೆಯ ನೇಯ್ಗೆ ಮಂದವಾಗಿ ಕಾಣುವಷ್ಟು ಬಳಿದು ತೆಗೆಯಿರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬೀಳುವ ದಿನ ಎಪಾಕ್ಸಿ ಕೆಲಸ ಬೇಡ. ತೇವದ ಗಾಳಿಯಲ್ಲಿ ಗಟ್ಟಿಯಾದ ಮೈಮೇಲೆ ಮೇಣದಂಥ ಪೊರೆ ಬರುತ್ತದೆ, ಅದರ ಮೇಲೆ ಹಚ್ಚಿದ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಬಂದುಬಿಟ್ಟರೆ ಉಜ್ಜುವುದಕ್ಕೆ ಮೊದಲು ಬೆಚ್ಚಗಿನ ನೀರು ಮತ್ತು ಪಾತ್ರೆ ತಿಕ್ಕುವ ಸ್ಕ್ರಬ್ಬರಿನಿಂದ ತೊಳೆಯಿರಿ. ತೊಳೆಯದೆ ಉಜ್ಜಿದರೆ ಆ ಮೇಣ ಇನ್ನೂ ಒಳಗೆ ಹೋಗುತ್ತದೆ. ಐದು ನಿಮಿಷಕ್ಕೆ ಗಟ್ಟಿಯಾಗುವ ಎಪಾಕ್ಸಿ ಫಿನ್ ಬಾಕ್ಸಿಗೆ ಬೇಡ, ನೀರಿನಲ್ಲಿ ನೆನೆದು ಮೆತ್ತಗಾಗುತ್ತದೆ. ಮಾಮೂಲಿ ಬಿಳಿ ಫೆವಿಕಾಲ್ ಅಂತೂ ಬೇಡವೇ ಬೇಡ.

ಪ್ರಿಂಟರ್_ಯಲಹಂಕ

ತ್ರೀಡಿ ಪ್ರಿಂಟ್ ಪೂರ್ತಿ ಕೈಬಿಡಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಗೋಡೆ 0.8 ಮಿ.ಮೀ. ಇಟ್ಟರೆ ಡೆಕ್ ಸೇರಿ 160 ಗ್ರಾಂ ಆಗುತ್ತದೆ. ಬಾಲ್ಸಾ ಒಡಲು-ಡೆಕ್ಕಿಗಿಂತ 40-50 ಗ್ರಾಂ ಜಾಸ್ತಿ, ನಿಜ. ಆದರೆ ಎಡ-ಬಲ ಒಂದೇ ಸಮ ಇರುವ ಒಡಲು ಮೊದಲ ಸಲವೇ ಸಿಗುತ್ತದೆ. ನಾಲ್ಕು ತುಂಡು ಮಾಡಿ, ಪ್ರತಿ ಕೂಡಿಕೆಗೆ ಒಳಗೆ 8 ಮಿ.ಮೀ. ಅಗಲದ ತುಟಿ ಬಿಡಿ. ಪದರಗಳ ನಡುವಿನಿಂದ ನೀರು ಜಿನುಗುವುದು ಖಚಿತ, ಒಳಗಿನಿಂದ ತೆಳುವಾಗಿ ಎಪಾಕ್ಸಿ ಬಳಿಯಿರಿ.

ಪಿಎಲ್‌ಎ ಬದಲು ಪಿಇಟಿಜಿ ಪ್ಲಾಸ್ಟಿಕ್ ಹಾಕಿ. ಪಿಎಲ್‌ಎ 55-60 ಡಿಗ್ರಿಗೇ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ, ಗಾಜಿನ ಕೆಳಗೆ, ಅಷ್ಟು ಬಿಸಿ ಆಗಿಯೇ ಆಗುತ್ತದೆ. ಬ್ಯಾಕ್‌ಸ್ಟೇ (ಮಾಸ್ಟಿನ ತುದಿಯನ್ನು ಹಿಂಬದಿಗೆ ಬಿಗಿಯುವ) ದಾರ ಬಿಗಿಯಾಗಿ ಕಟ್ಟಿಟ್ಟಿದ್ದರೆ ಒಡಲು ಬಾಳೆಹಣ್ಣಿನಂತೆ ಬಾಗಿ ಹಾಗೇ ನಿಲ್ಲುತ್ತದೆ. ಯಾವ ವಸ್ತುವಿನ ದೋಣಿಯಾದರೂ ನೀರಿನಿಂದ ತೆಗೆದ ಮೇಲೆ ಬ್ಯಾಕ್‌ಸ್ಟೇ ಸಡಿಲಿಸಿ.

ಸೀಸದ_ಗುಂಡು, ಕೆಂಗೇರಿ

ಫಿನ್ ಮತ್ತು ಬಲ್ಬ್.

ಫಿನ್ನಿಗೆ ಕಾರ್ಬನ್ ಅಚ್ಚು ಮಾಡುವ ತಾಪತ್ರಯ ಬೇಡವೆಂದರೆ ಎಸ್.ಪಿ. ರೋಡಿನಲ್ಲಿ ಸಿಗುವ 1.6 ಮಿ.ಮೀ. ಗ್ಲಾಸ್ ಎಪಾಕ್ಸಿ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಹಾಳೆ ತನ್ನಿ. ತಾಮ್ರವನ್ನು ಫೆರಿಕ್ ಕ್ಲೋರೈಡಿನಲ್ಲಿ ತೆಗೆದು, ಎರಡೂ ಕಡೆ 2 ಮಿ.ಮೀ. ಬಾಲ್ಸಾ ಅಂಟಿಸಿ. ಒಟ್ಟು ದಪ್ಪ 5.6 ಮಿ.ಮೀ. ಆಗುತ್ತದೆ. ಮೇಲೆ 65, ಕೆಳಗೆ 55 ಮಿ.ಮೀ. ಅಗಲ ಇಟ್ಟು, ಮುಂದಂಚು ಗುಂಡಗೆ, ಹಿಂದಂಚು ಚೂಪಾಗಿ ಉಜ್ಜಿ. ಅತಿ ದಪ್ಪದ ಜಾಗ ಮುಂದಂಚಿನಿಂದ ಶೇ 30ರಲ್ಲಿ ಬರಲಿ. ಮೇಲೆ ಒಂದು ಪದರ ಗ್ಲಾಸ್ ಬಟ್ಟೆ ಬಿದ್ದರೆ ತಿರುಚುವುದಿಲ್ಲ. ಬರೀ ಪಿಸಿಬಿ ಹಾಳೆಯನ್ನೇ ಫಿನ್ ಮಾಡಿದರೆ 500 ಗ್ರಾಂ ಬಲ್ಬ್ ಅದನ್ನು ಬಳುಕಿಸಿ, ಅಲೆ ಬಂದಾಗೆಲ್ಲ ಕೆಳಗೆ ಲೋಲಕದಂತೆ ಓಲಾಡುತ್ತದೆ.

ಬಲ್ಬಿನ ಆಕಾರಕ್ಕೆ ಮೊದಲು ಮರದ ಮಾದರಿ ಮಾಡಿ: ಉದ್ದ 18 ಸೆಂ.ಮೀ., ದಪ್ಪದ ಜಾಗದಲ್ಲಿ ವ್ಯಾಸ 23 ಮಿ.ಮೀ. ಗಾತ್ರ ಅಳೆಯುವುದು ಸುಲಭ. ತಕ್ಕಡಿಯ ಮೇಲೆ ನೀರು ತುಂಬಿದ ಉದ್ದನೆಯ ಲೋಟ ಇಟ್ಟು ಸೊನ್ನೆ ಮಾಡಿ. ಮಾದರಿಯ ತುದಿಗೆ ಗುಂಡುಸೂಜಿ ಚುಚ್ಚಿ, ಅದನ್ನು ಹಿಡಿದು ಪೂರ್ತಿ ಮುಳುಗಿಸಿ. ತಳಕ್ಕಾಗಲಿ ಗೋಡೆಗಾಗಲಿ ತಾಗಿಸಬೇಡಿ. ತಕ್ಕಡಿ 44 ಗ್ರಾಂ ತೋರಿಸಿದರೆ ಗಾತ್ರ 44 ಸಿಸಿ. ಅದನ್ನು 11.3ರಿಂದ ಗುಣಿಸಿದರೆ ಸೀಸದಲ್ಲಿ ಎಷ್ಟು ತೂಗುತ್ತದೆ ಅಂತ ಎರಕಕ್ಕೆ ಮೊದಲೇ ಗೊತ್ತಾಗುತ್ತದೆ.

ಸೀಸ 327 ಡಿಗ್ರಿಗೆ ಕರಗುತ್ತದೆ. ಗುಜರಿಯಿಂದ ತರುವಾಗ ಹಳೇ ಕಾರಿನ ಬ್ಯಾಟರಿಯ ಸೀಸ ತರಬೇಡಿ, ಅದರಲ್ಲಿ ಆಸಿಡ್ ಉಳಿದಿರುತ್ತದೆ, ಕಾಯಿಸಿದರೆ ವಿಷದ ಹೊಗೆ. ಚಕ್ರಕ್ಕೆ ಹೊಡೆಯುವ ಬ್ಯಾಲೆನ್ಸ್ ತೂಕ ಪರವಾಗಿಲ್ಲ, ಆದರೆ ಅದರ ನಡುವೆ ಸತುವಿನ ತುಂಡುಗಳೂ ಸೇರಿರುತ್ತವೆ. ಸತು 420 ಡಿಗ್ರಿಗೆ ಕರಗುವುದರಿಂದ ಸೀಸ ನೀರಾದಾಗ ಮೇಲೆ ತೇಲುತ್ತಿರುತ್ತದೆ, ಸೌಟಿನಿಂದ ತೆಗೆದುಬಿಡಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚಿನಲ್ಲಿ ಒಂದು ಹನಿ ತೇವ ಉಳಿದಿದ್ದರೂ ಆವಿ ಸಿಡಿದು ಕಾದ ಸೀಸ ಮುಖಕ್ಕೆ ಹಾರುತ್ತದೆ. ಬಿಸಿಲಿನಲ್ಲಿ ವಾರ ಒಣಗಿಸಿ, ಆಮೇಲೆ 120 ಡಿಗ್ರಿ ಓವನ್ನಿನಲ್ಲಿ ಕೆಲವು ಗಂಟೆ ಇಟ್ಟು, ಅಚ್ಚಿನ ತೂಕ ಇನ್ನು ಇಳಿಯುತ್ತಿಲ್ಲ ಅಂತ ತಕ್ಕಡಿಯಲ್ಲಿ ನೋಡಿದ ಮೇಲೆಯೇ ಸುರಿಯಿರಿ. ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಕನ್ನಡಕ, ಮಾಸ್ಕ್, ಚರ್ಮದ ಗ್ಲೌಸ್ ಹಾಕಿಕೊಂಡು. ಆ ಪಾತ್ರೆ, ಆ ಓವನ್ ಮತ್ತೆ ಅಡುಗೆಗೆ ಬಳಸಬಾರದು. ಮಕ್ಕಳು, ಗರ್ಭಿಣಿಯರು ಹತ್ತಿರ ಸುಳಿಯಬಾರದು.

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಕಾಯಿಸದ ದಾರಿಯೂ ಇದೆ. ಪ್ರಿಂಟ್ ಮಾಡಿದ ಟೊಳ್ಳು ಬಲ್ಬಿನೊಳಗೆ ಸಣ್ಣ ಸೀಸದ ಗುಂಡು ತುಂಬಿ ಎಪಾಕ್ಸಿ ಸುರಿಯುವುದು. ಗುಂಡುಗಳ ನಡುವೆ ಜಾಗ ಉಳಿಯುವುದರಿಂದ ಸಾಂದ್ರತೆ 7.4ಕ್ಕೆ ಇಳಿಯುತ್ತದೆ, 500 ಗ್ರಾಂಗೆ 44 ಸಿಸಿ ಬದಲು 67 ಸಿಸಿ ಬೇಕು, ಅದೇ ಉದ್ದಕ್ಕೆ ವ್ಯಾಸ 28 ಮಿ.ಮೀ. ಆಗುತ್ತದೆ. ವೇಗ ಸ್ವಲ್ಪ ಕಡಿಮೆ, ಆದರೆ ಮನೆಯೊಳಗೆ ಸೀಸದ ಹೊಗೆ ಇಲ್ಲ. ಮೊದಲ ದೋಣಿಗೆ ನಾನು ಇದನ್ನೇ ಹೇಳುತ್ತೇನೆ.

ಬಲ್ಬಿನಲ್ಲಿ ಫಿನ್ ಕೂರುವ ಸೀಳನ್ನು ಫಿನ್ನಿನ ಅಗಲಕ್ಕಿಂತ 10 ಮಿ.ಮೀ. ಉದ್ದ ಬಿಡಿ. ಬಲ್ಬನ್ನು 5 ಮಿ.ಮೀ. ಹಿಂದಕ್ಕೆ ಸರಿಸಿದರೆ ಆಗುವ ಪರಿಣಾಮಕ್ಕೆ ಬ್ಯಾಟರಿಯನ್ನು 50 ಮಿ.ಮೀ. ಸರಿಸಬೇಕಾಗುತ್ತದೆ, ಅಷ್ಟು ಜಾಗ ಒಳಗಿರುವುದಿಲ್ಲ. ತೇಲಿಸಿ ನೋಡಿ, ಸಮ ಕೂತ ಮೇಲೆ ಎಪಾಕ್ಸಿ ತುಂಬಿ ಮುಚ್ಚಿ. ಬಲ್ಬಿನ ಮೂತಿ 1-2 ಡಿಗ್ರಿ ಮೇಲಕ್ಕಿರಲಿ, ಓಡುವಾಗ ದೋಣಿ ಅಷ್ಟು ಮುಂದಕ್ಕೆ ಬಾಗುತ್ತದೆ. ಫಿನ್ ಬಾಕ್ಸ್ ಅಂಟಿಸುವಾಗ ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು ಹಿಂದಿನಿಂದ ನೋಡಿ. ಇಲ್ಲಿ 1 ಡಿಗ್ರಿ ಓರೆಯಾದರೆ ಒಂದು ಮಗ್ಗುಲಲ್ಲಿ ಓಡಿದಷ್ಟು ಚೆನ್ನಾಗಿ ಇನ್ನೊಂದರಲ್ಲಿ ಓಡುವುದಿಲ್ಲ, ಕಾರಣ ಹಾಯಿಯಲ್ಲಿ ಹುಡುಕುತ್ತಾ ತಿಂಗಳು ಕಳೆಯುತ್ತದೆ.

ಹೊಸ_ಹಾಯಿಗಾರ, ಮಲ್ಲೇಶ್ವರಂ

ಎಲ್ಲರಿಗೂ ತುಂಬಾ ಧನ್ಯವಾದ. ಅಗಲ 10.5 ಸೆಂ.ಮೀ., ಬಲ್ಬ್ 500, ಆಳ 36ಕ್ಕೆ ಬದಲಾಯಿಸಿದೆ. ಬಾಲ್ಸಾ ಪಟ್ಟಿಯಲ್ಲೇ ಕಟ್ಟುತ್ತೇನೆ. ಬಲ್ಬ್ ಮಾತ್ರ ಗುಂಡು-ಎಪಾಕ್ಸಿಯದು. ಅದರ ಗಾತ್ರ 23 ಸಿಸಿ ಜಾಸ್ತಿ ಎನ್ನುವುದನ್ನು ಒಡಲಿನ ಲೆಕ್ಕದಲ್ಲಿ ಕಳೆದಿದ್ದೇನೆ. ಹಾಯಿ ಸರ್ವೊಗೆ 55 ಗ್ರಾಂ ಹಾಕಿದ್ದೀರಿ. 9 ಗ್ರಾಂನದು ಯಾಕೆ ಸಾಲದು? ಹಾಯಿಯನ್ನು ಒಳಗೆಳೆಯಲು ಅಷ್ಟು ಬಲ ಬೇಕೇ? ಮತ್ತೆ ಛತ್ರಿ ಬಟ್ಟೆ ಬಗ್ಗೆ ಯಾರೂ ಹೇಳಲಿಲ್ಲ.

ಎರಡು_ಚಾನೆಲ್, ಜಯನಗರ

ಬೇಕು. ಗಂಟೆಗೆ 18 ಕಿ.ಮೀ. ಗಾಳಿಯಲ್ಲಿ ಈ ಹಾಯಿಗಳ ಮೇಲೆ ಒಟ್ಟು ಮೂರೂವರೆ ನ್ಯೂಟನ್ ಬೀಳುತ್ತದೆ, ಎರಡೂ ಶೀಟ್ (ಹಾಯಿ ಎಳೆದು ಬಿಡುವ) ದಾರಗಳಿಗೆ ಸುಮಾರು 3.3 ನ್ಯೂಟನ್ ಬರುತ್ತದೆ.

ಈಗ ದಾರದ ಓಟ ನೋಡಿ. ಬೂಮ್ ಮೇಲೆ ಶೀಟ್ ಕಟ್ಟುವ ಜಾಗ ಮಾಸ್ಟಿನಿಂದ 12 ಸೆಂ.ಮೀ. ಹಿಂದೆ ಇದ್ದರೆ, ಬೂಮ್ ನಡುಗೆರೆಯಿಂದ 90 ಡಿಗ್ರಿ ಹೊರಗೆ ಹೋಗಲು 17 ಸೆಂ.ಮೀ. ದಾರ ಬಿಡಬೇಕು. 6 ಸೆಂ.ಮೀ. ತೋಳಿನ ಸರ್ವೊ 90 ಡಿಗ್ರಿ ತಿರುಗಿದಾಗ ತುದಿ ಸರಿಯುವುದು 8.5 ಸೆಂ.ಮೀ. ಅದಕ್ಕೇ ದಾರವನ್ನು ಒಡಲಿನೊಳಗೆ ಒಂದು ಕಡೆ ಕಟ್ಟಿ, ತೋಳಿನ ತುದಿಯ ಉಂಗುರದಲ್ಲಿ ತೂರಿಸಿ ಹಿಂದಕ್ಕೆ ತಂದು ಹೊರಗೆ ಬಿಡಿ. ಓಟ ಎರಡರಷ್ಟಾಗಿ ಸರಿಯಾಗಿ 17 ಸಿಗುತ್ತದೆ. ಆದರೆ ತೋಳಿನ ಮೇಲೆ ಬೀಳುವ ಎಳೆತವೂ ಎರಡರಷ್ಟು, 6.6 ನ್ಯೂಟನ್. 6 ಸೆಂ.ಮೀ. ತೋಳಿಗೆ ಅದು ಹತ್ತಿರ ಹತ್ತಿರ 4 ಕೆ.ಜಿ. ಸೆಂ.ಮೀ. ಚಿಕ್ಕ 9 ಗ್ರಾಂ ಸರ್ವೊ 2ಕ್ಕಿಂತ ಕಡಿಮೆ ಕೊಡುತ್ತದೆ. 8-10 ಕೆ.ಜಿ. ಸೆಂ.ಮೀ.ನ ಲೋಹದ ಗಿಯರ್ ಸರ್ವೊ ಇದ್ದರೆ ರಭಸದ ಗಾಳಿಯಲ್ಲೂ ಹಾಯಿ ಒಳಗೆ ಬರುತ್ತದೆ.

ಮುಂದಿನ ಹಾಯಿಯಾದ ಜಿಬ್ಬಿಗೂ ಶೀಟ್ ಕಟ್ಟುವ ಜಾಗ ಅದರ ತಿರುಗುಣಿಯಿಂದ 12 ಸೆಂ.ಮೀ.ಯೇ ಇರಲಿ, ಆಗ ಎರಡೂ ಹಾಯಿ ಒಂದೇ ಕೋನದಲ್ಲಿ ತೆರೆಯುತ್ತವೆ. ಶೀಟಿಗೆ ಮೀನು ಹಿಡಿಯುವ ಹೆಣೆದ ದಾರ. ನೈಲಾನ್ ಬೇಡ, ನೆನೆದರೆ ಉದ್ದವಾಗುತ್ತದೆ.

ಅಷ್ಟು ಬಲದ ಸರ್ವೊ ತಡೆ ಸಿಕ್ಕಾಗ 2 ಆಂಪಿಯರ್ ಮೇಲೆ ಎಳೆಯುತ್ತದೆ. ನಾಲ್ಕು ಟ್ರಿಪಲ್ ಎ ಸೆಲ್‌ಗಳ ವೋಲ್ಟೇಜ್ ಆ ಕ್ಷಣ ಕುಸಿದು ರಿಸೀವರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ದಡದಲ್ಲಿ ನಿಂತವರಿಗೆ ಸಿಗ್ನಲ್ ಹೋಯಿತು ಅನ್ನಿಸುತ್ತದೆ, ತಪ್ಪು ಇರುವುದು ಬ್ಯಾಟರಿಯಲ್ಲಿ. ರೀಚಾರ್ಜ್ ಆಗುವ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ಲೇ ಹಾಕಿ, ಸ್ಪ್ರಿಂಗ್ ಇರುವ ಡಬ್ಬಿ ಬೇಡ, ಬೆಸುಗೆ ಹಾಕಿದ ಪ್ಯಾಕ್ ಇರಲಿ. ರಿಸೀವರಿನ ಖಾಲಿ ಚಾನೆಲ್ಲಿಗೆ 1000 ಮೈಕ್ರೊಫ್ಯಾರಡ್, 10 ವೋಲ್ಟ್ ಕೆಪಾಸಿಟರ್ ಒಂದನ್ನು ಧನ-ಋಣ ನೋಡಿ ಸಿಕ್ಕಿಸಿ.

2.4 ಗಿಗಾಹರ್ಟ್ಸ್ ಅಲೆ ನೀರಿನೊಳಗೆ ಹೋಗುವುದಿಲ್ಲ. ಆಂಟೆನಾದ ತುದಿಯ 31 ಮಿ.ಮೀ.ಯೇ ಕೆಲಸ ಮಾಡುವ ಭಾಗ. ಅದು ನೀರುಗೆರೆಯಿಂದ ಮೇಲೆ, ಡೆಕ್ಕಿಗೆ ಹತ್ತಿರ, ಕಾರ್ಬನ್ ಮಾಸ್ಟಿನಿಂದ ದೂರ ಇರಬೇಕು. ಚುಕ್ಕಾಣಿ ಕಡ್ಡಿಯ ಹಿತ್ತಾಳೆ ಕೊಳವೆಯ ಮೇಲ್ತುದಿಯೂ ನೀರುಗೆರೆಗಿಂತ ಮೇಲಿರಲಿ, ಒಳಗೆ ಗ್ರೀಸ್ ತುಂಬಿ. ನೀರು ಒಳಗೆ ಬರುವುದು ಹೆಚ್ಚಾಗಿ ಅಲ್ಲಿಂದಲೇ.

ಹಾಯಿ_ಮಡಿಕೆ, ಹಲಸೂರು

ಛತ್ರಿ ಬಟ್ಟೆ ಓರೆಯಾಗಿ ಎಳೆದರೆ ಹಿಗ್ಗುತ್ತದೆ, ಗಾಳಿ ಬಂದಾಗ ಹೊಟ್ಟೆ ಹಿಂದಕ್ಕೆ ಸರಿದು ಹಾಯಿ ಚೀಲದಂತಾಗುತ್ತದೆ. 50 ಮೈಕ್ರಾನ್ ಡ್ರಾಫ್ಟಿಂಗ್ ಫಿಲ್ಮ್ (ನಕ್ಷೆ ಬರೆಯುವ ಪ್ಲಾಸ್ಟಿಕ್ ಹಾಳೆ) ಹಿಗ್ಗುವುದಿಲ್ಲ. ಕೈ ಪಳಗಿಸಲು ಬೊಕ್ಕೆ ಸುತ್ತುವ ಪಾರದರ್ಶಕ ಪ್ಲಾಸ್ಟಿಕ್ ತನ್ನಿ, ಅದರಲ್ಲಿ ಎರಡು ಜೊತೆ ಕೆಡಿಸಿ, ಮೂರನೆಯದನ್ನು ಫಿಲ್ಮಿನಲ್ಲಿ ಮಾಡಿ.

ದೊಡ್ಡ ಹಾಯಿ 1450, ಜಿಬ್ 800 ಚದರ ಸೆಂ.ಮೀ. ಒಳ್ಳೆಯ ಹಂಚಿಕೆ. ಪ್ರತಿ ಹಾಯಿಯನ್ನು ಮೂರು ತುಂಡು ಮಾಡಿ. ಕೆಳತುಂಡಿನ ಮೇಲಂಚು ನೇರ ಇರದೆ 2 ಮಿ.ಮೀ. ಉಬ್ಬಿರಲಿ, ಉಬ್ಬಿನ ತುದಿ ಮಾಸ್ಟಿನ ಕಡೆಯಿಂದ ಶೇ 35-40ರಲ್ಲಿ. ಮೇಲಿನ ತುಂಡಿನ ನೇರ ಅಂಚನ್ನು 6 ಮಿ.ಮೀ. ಡಬಲ್ ಟೇಪ್ ಹಾಕಿ ಆ ಬಾಗಿಗೆ ಕೂಡಿಸಿ, ಹಾಯಿಗೆ ಹೊಟ್ಟೆ ತಾನಾಗಿ ಬರುತ್ತದೆ. ಗಾಳಿಯಲ್ಲಿ ನಿಂತಾಗ ಹೊಟ್ಟೆಯ ಆಳ ಅಗಲದ ಶೇ 6-8 ಇದ್ದರೆ ಸರಿ.

ಮಾಸ್ಟಿಗೆ ಹೊರಗೆ 6, ಒಳಗೆ 4 ಮಿ.ಮೀ. ಇರುವ ಕಾರ್ಬನ್ ಕೊಳವೆ. 1 ಮೀಟರ್ ತುಂಡೇ ಸಿಕ್ಕರೆ ಬುಡಕ್ಕೆ ಇನ್ನೊಂದು ತುಂಡು ಜೋಡಿಸಿ, ಕೂಡಿಕೆಯೊಳಗೆ 6 ಸೆಂ.ಮೀ. ಉದ್ದದ 4 ಮಿ.ಮೀ. ಕಡ್ಡಿ ಇಟ್ಟು ಅಂಟಿಸಿ.

ಮಾಸ್ಟ್ ಎಲ್ಲಿ ನಿಲ್ಲಬೇಕು? ಎರಡೂ ಹಾಯಿಯ ಕೇಂದ್ರ ಕಾಗದದ ಮೇಲೆ ಗುರುತಿಸಿ. ಕೂಡಿಸುವ ಗೆರೆಯಲ್ಲಿ ದೊಡ್ಡ ಹಾಯಿಯ ಕೇಂದ್ರದಿಂದ ಶೇ 36ರಷ್ಟು ಮುಂದೆ ಒಟ್ಟು ಕೇಂದ್ರ. ಅದು ಫಿನ್ನಿನ ಮುಂದಂಚಿನಿಂದ ಕಾಲು ಅಗಲದ ನೇರಕ್ಕೆ ಅಥವಾ ಅದಕ್ಕಿಂತ 10 ಮಿ.ಮೀ. ಮುಂದೆ ಬರಲಿ. ಲೆಕ್ಕ ಎಷ್ಟೇ ಸರಿಯಿದ್ದರೂ ನೀರಿನಲ್ಲಿ ತಿದ್ದಬೇಕಾಗುತ್ತದೆ, ಅದಕ್ಕೆ ಒಡಲಿನ ತಳದಲ್ಲಿ ಮಾಸ್ಟ್ ಬುಡಕ್ಕೆ 5 ಮಿ.ಮೀ.ಗೆ ಒಂದರಂತೆ ಐದು ತೂತು ಇಡಿ.

ಗಾಳಿಗೆದುರಾಗಿ ಓರೆಯಲ್ಲಿ ಓಡುವಾಗ ದೊಡ್ಡ ಬೂಮಿನ ತುದಿ ನಡುಗೆರೆಯಿಂದ 8-10 ಮಿ.ಮೀ., ಜಿಬ್ ಬೂಮಿನ ತುದಿ 30-35 ಮಿ.ಮೀ. ಹೊರಗಿರಲಿ. ಹಾಯಿಯ ಮೇಲ್ತುದಿ ಬೂಮಿಗಿಂತ 10 ಡಿಗ್ರಿಯಷ್ಟು ಹೊರಕ್ಕೆ ತಿರುಚಿರಬೇಕು. ಹೊಸಬರು ಬಹಳ ಸಲ ಹಾಯಿಯನ್ನು ಬಿಗಿಯಾಗಿ ಒಳಗೆಳೆದು ದೋಣಿ ಓಡುತ್ತಿಲ್ಲ ಅನ್ನುತ್ತಾರೆ, ದಾರ 1 ಸೆಂ.ಮೀ. ಬಿಟ್ಟರೆ ಓಡುತ್ತದೆ. ಸ್ಟಿಕ್ಕಿನಿಂದ ಕೈ ತೆಗೆದಾಗ ದೋಣಿ ನಿಧಾನವಾಗಿ ಗಾಳಿಯತ್ತ ತಿರುಗಿದರೆ ಸಮತೋಲ ಸರಿಯಿದೆ. ಥಟ್ಟನೆ ತಿರುಗಿದರೆ ಮೊದಲು ದೊಡ್ಡ ಹಾಯಿ ಸಡಿಲಿಸಿ ನೋಡಿ, ಆಮೇಲೂ ಹಾಗೇ ಇದ್ದರೆ ಮಾಸ್ಟ್ ಒಂದು ತೂತು ಮುಂದಕ್ಕೆ. ಗಾಳಿಯಿಂದ ದೂರ ತಿರುಗಿ ಓಡಿಹೋದರೆ ಹಿಂದಕ್ಕೆ.

ಬೆನ್ನಗಾಳಿಯಲ್ಲಿ ಮೂತಿ ನೀರಿನೊಳಗೆ ಹೊಕ್ಕರೆ ಚುಕ್ಕಾಣಿ ತಿರುಗಿಸಿ ಪ್ರಯೋಜನವಿಲ್ಲ, ಚಿಕ್ಕ ಹಾಯಿ ಜೊತೆ ಹಾಕುವ ಹೊತ್ತು ಬಂದಿದೆ ಅಂತ ಅರ್ಥ. ಪೂರ್ತಿ ಹಾಯಿಗೆ 12-15 ಕಿ.ಮೀ. ಗಾಳಿಯೇ ಮೇಲ್ಮಿತಿ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದಿಂದ, ನೈಋತ್ಯದಿಂದ ಬೀಸುವ ಗಾಳಿ ಅದನ್ನು ಸುಲಭವಾಗಿ ದಾಟುತ್ತದೆ. 1600 ಚದರ ಸೆಂ.ಮೀ.ನ ಎರಡನೇ ಜೊತೆಯನ್ನು ಈಗಲೇ ಕತ್ತರಿಸಿಟ್ಟುಕೊಳ್ಳಿ.

ಹೊಸ_ಹಾಯಿಗಾರ, ಮಲ್ಲೇಶ್ವರಂ

ಎಲ್ಲ ಬರೆದುಕೊಂಡೆ. ಕೊನೆಯ ಪ್ರಶ್ನೆ: ಮೊದಲ ಸಲ ನೀರಿಗೆ ಇಳಿಸುವಾಗ ಏನೇನು ನೋಡಿಕೊಳ್ಳಬೇಕು? ಸ್ಯಾಂಕಿ ಕೆರೆ ಮನೆಗೆ ಹತ್ತಿರ.

ರೇಖಾಗಣಿತ, ಬಸವನಗುಡಿ

ಕೆರೆಗೆ ಹೋಗುವ ಮೊದಲು ಮನೆಯಲ್ಲೇ ದೋಣಿ ಹಿಡಿಸುವಷ್ಟು ದೊಡ್ಡ, ಆಳದ ತೊಟ್ಟಿಯಲ್ಲಿ ಎಲ್ಲ ಸಾಮಾನು ಜೋಡಿಸಿದ ದೋಣಿ ಇಳಿಸಿ. ಮೂತಿಯ ಕೆಳತುದಿ ನೀರಿಗೆ ತಾಗಿ ತಾಗದಂತೆ, ಹಿಂಬದಿಯ ಅಂಚೂ ಹಾಗೆಯೇ ಇದ್ದರೆ ಸಮ. ಹಿಂಬದಿ ಮುಳುಗಿದ್ದರೆ ಬಲ್ಬ್ ಮುಂದಕ್ಕೆ. ಅರ್ಧ ಗಂಟೆ ಬಿಟ್ಟು ಎತ್ತಿ ತೂಗಿ. ಮೈ ಒರೆಸಿದ ಮೇಲೂ 5 ಗ್ರಾಂ ಜಾಸ್ತಿ ತೂಗಿದರೆ ಎಲ್ಲೋ ಜಿನುಗುತ್ತಿದೆ. ಡೆಕ್ಕಿನ ಕಿಂಡಿಗೆ ಪ್ರತಿ ಸಲ ಹೊಸ ಅಂಟುಫಿಲ್ಮ್ ಹಾಕಿ, ಒಂದು ಸಲ ಕಿತ್ತದ್ದು ಮತ್ತೆ ಸರಿಯಾಗಿ ಹಿಡಿಯುವುದಿಲ್ಲ.

ಸ್ಯಾಂಕಿಯಾಗಲಿ ಬೇರೆ ಕೆರೆಯಾಗಲಿ, ನೀರಿಗೆ ಇಳಿಸಲು ಅನುಮತಿ ಇದೆಯೇ ಎಂದು ಕೆರೆ ನೋಡಿಕೊಳ್ಳುವವರನ್ನು ಮೊದಲೇ ಕೇಳಿ. ಸುತ್ತ ಮರ ಇರುವ ಕೆರೆಯಲ್ಲಿ ದಡದ ಹತ್ತಿರ ಗಾಳಿ ಸುಳಿಯುತ್ತದೆ, ಒಂದೇ ನಿಮಿಷದಲ್ಲಿ ಎರಡು ದಿಕ್ಕಿನಿಂದ ಬರುತ್ತದೆ. ಹಾಯಿ ಸರಿಯಿಲ್ಲ ಅಂತ ಅಲ್ಲಿ ತೀರ್ಮಾನಿಸಬೇಡಿ, ದೋಣಿ ನಡುನೀರಿಗೆ ಹೋಗಲಿ. ಬಲ್ಬಿನ ಆಳ 40 ಸೆಂ.ಮೀ.ಗೆ ಹತ್ತಿರ, ದಡದ ಕಲ್ಲಿಗೆ ಹೊಡೆಯದಂತೆ ಮಂಡಿ ಮಟ್ಟಕ್ಕಿಂತ ಹೆಚ್ಚು ನೀರಿರುವ ಜಾಗದಿಂದ ಬಿಡಿ.

ಗಾಳಿ ದಡದ ಕಡೆಗೆ ಬೀಸುವ ಬದಿಯಲ್ಲಿ ನಿಲ್ಲಿ. ಬ್ಯಾಟರಿ ಹೋದರೂ ದೋಣಿ ತೇಲಿ ನಿಮ್ಮ ಹತ್ತಿರವೇ ಬರುತ್ತದೆ. ಮಳೆಗಾಲದಲ್ಲಿ ಅದು ಪೂರ್ವದ ದಂಡೆ, ನವೆಂಬರ್‌ನಿಂದ ಫೆಬ್ರುವರಿಯವರೆಗೆ ಗಾಳಿ ಮೂಡಣದಿಂದ ಬರುವುದರಿಂದ ಪಶ್ಚಿಮದ ದಂಡೆ. ಟ್ರಾನ್ಸ್‌ಮಿಟರಿನಲ್ಲಿ ಫೇಲ್‌ಸೇಫ್ (ಸಿಗ್ನಲ್ ತಪ್ಪಿದಾಗ ಏನಾಗಬೇಕೆಂದು ಮೊದಲೇ ಹೇಳಿಡುವ ಸೌಲಭ್ಯ) ಇದ್ದರೆ ಹಾಯಿ ಪೂರ್ತಿ ಬಿಡುವಂತೆ ಹೊಂದಿಸಿ.

ಓಡುತ್ತಾ ಓಡುತ್ತಾ ವೇಗ ಇದ್ದಕ್ಕಿದ್ದಂತೆ ಅರ್ಧವಾದರೆ ಫಿನ್ನಿಗೆ ಅಂತರಗಂಗೆಯ ಬೇರೋ ಪಾಚಿಯೋ ಸುತ್ತಿದೆ. ಗಾಳಿಗೆ ನೇರ ಎದುರಾಗಿ ನಿಲ್ಲಿಸಿ, ಹಾಯಿ ಸಡಿಲ ಬಿಟ್ಟು, ದೋಣಿಯನ್ನು ಒಂದೆರಡು ಮೀಟರ್ ಹಿಂದಕ್ಕೆ ತೇಲಲು ಬಿಡಿ. ಸುತ್ತಿದ್ದು ಜಾರಿಹೋಗುತ್ತದೆ. ಹಿಂದಕ್ಕೆ ಹೋಗುವಾಗ ಚುಕ್ಕಾಣಿ ತಿರುವುಮುರುವಾಗಿ ಕೆಲಸ ಮಾಡುತ್ತದೆ, ಇದನ್ನು ಮೊದಲ ದಿನವೇ ನಾಲ್ಕು ಸಲ ಮಾಡಿ ಕೈಗೆ ತಂದುಕೊಳ್ಳಿ.